ಹೂವಿನ ಹೆಸರಿನ ಹಡಗುಗಳು

ಯುದ್ಧದ ಹಡಗಿಗೆ ಹೆಸರಿಡುವವರು ಕೇಳಿದವರ ಎದೆ ನಡುಗಿಸುವಂಥ ಹೆಸರನ್ನು ಹುಡುಕುವುದು ಲೋಕರೂಢಿ. ಆಂಗ್ಲರ ನೌಕಾಸೇನೆಯಲ್ಲಿಯೂ ಡ್ರೆಡ್‌ನಾಟ್, ಇನ್‌ವಿನ್ಸಿಬಲ್, ರಿವೆಂಜ್ ಎಂಬ ಹೆಸರುಗಳಿಗೆ ಕೊರತೆಯಿರಲಿಲ್ಲ. ಆದರೆ ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ಅನ್ನದ ದಾರಿಯನ್ನು ಕಾದ ಹಡಗುಗಳ ಪಟ್ಟಿಯನ್ನು ಓದಿದರೆ ಯಾರೋ ತೋಟಗಾರನ ದಿನಚರಿಯನ್ನು ಓದಿದಂತಾಗುತ್ತದೆ: ಗ್ಲಾಡಿಯೋಲಸ್, ಬ್ಲೂಬೆಲ್, ಮಾರಿಗೋಲ್ಡ್, ಜಿನಿಯ, ಹೈಡ್ರಾಂಜಿಯ, ಬಟರ್‌ಕಪ್, ಸ್ನೋಡ್ರಾಪ್. ಪ್ಯಾನ್ಸಿ ಎಂದು ಕಟ್ಟಲಾರಂಭಿಸಿದ ಒಂದು ಹಡಗಿಗೆ ಮಾತ್ರ ಆಮೇಲೆ ಹಾರ್ಟ್ಸ್‌ಈಸ್ ಎಂದು ಹೆಸರು ಬದಲಾಯಿತು. ಹೂವು ಅದೇ ಬಳಗದ್ದು. ಆದರೆ ಮೊದಲನೆಯ ಮಾತಿಗೆ ಇಂಗ್ಲಿಷಿನ ಆಡುನುಡಿಯಲ್ಲಿ 'ಹೆಣ್ಣಿಗ'ನೆಂಬ ಅರ್ಥವೂ ಇರುವುದರಿಂದ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಈ ಪದ್ಧತಿ ಹೊಸದೇನೂ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ೧೯೧೫ರಿಂದ ಕಟ್ಟಿದ ಒಂದು ಜಾತಿಯ ಸಣ್ಣ ಹಡಗುಗಳಿಗೂ ಹೂವಿನ ಹೆಸರುಗಳೇ ಇದ್ದುವು. ನಾವಿಕರು ಅವನ್ನು 'ಎಲೆಕೋಸಿನ ಜಾತಿ'ಯೆಂದು ಹಾಸ್ಯಮಾಡುತ್ತಿದ್ದರು. ಮನ್ಮಥನ ಐದು ಬಾಣಗಳೂ ಹೂವುಗಳೇ ಎಂಬುದನ್ನು ಬಲ್ಲ ಕನ್ನಡ ವಾಚಕನಿಗೆ, ಹೂವನ್ನು ಆಯುಧಕ್ಕೆ ಜೋಡಿಸುವ ಈ ಕಲ್ಪನೆ ಇಂಗ್ಲಿಷರಿಗೆ ತೋರಿದಷ್ಟು ವಿಚಿತ್ರವಾಗಿ ತೋರಲಾರದು. ಲೋಟಸ್ ಎಂಬ ಹಡಗೂ ಅವರಲ್ಲಿತ್ತು. ೧೯೪೨ರಲ್ಲಿ ಉತ್ತರದ ಹಿಮಸಮುದ್ರದಲ್ಲಿ ಚೆದುರಿಹೋದ ಪಿ. ಕ್ಯೂ. ೧೭ ಎಂಬ ಹಡಗುತಂಡದ ಮುಳುಗಿದವರನ್ನು ನೀರಿನಿಂದ ಎತ್ತಿದ ಹಡಗುಗಳಲ್ಲಿ ಅದೂ ಒಂದು.

ಈ ಹಡಗುಗಳಲ್ಲಿ ದುಡಿದ ಮನುಷ್ಯರ ಕಥೆಯನ್ನು ಸಾಹಿತ್ಯಕ್ಕೆ ತಂದವರಲ್ಲಿ ನಿಕೊಲಾಸ್ ಮಾನ್ಸರಾಟನೇ ಮುಖ್ಯನು. ೧೯೫೧ರಲ್ಲಿ ಪ್ರಕಟವಾದ ಅವನ 'ದಿ ಕ್ರೂಯೆಲ್ ಸೀ', ಎಂದರೆ 'ಕ್ರೂರಸಾಗರ'ವೆಂಬ ಕಾದಂಬರಿ, ಲೋಕದಲ್ಲೆಲ್ಲ ಓದಿಸಿಕೊಂಡಿತು. ಬಹುಜನ ಮೆಚ್ಚಿದ ಗ್ರಂಥವನ್ನು ವಿಮರ್ಶಕರು ಸಂಶಯದಿಂದ ನೋಡುವುದುಂಟು. ಈ ಗ್ರಂಥದ ವಿಷಯದಲ್ಲಿ ಆ ಸಂಶಯ ಪೂರ್ತಿ ಅನ್ಯಾಯವೂ ಅಲ್ಲ, ಪೂರ್ತಿ ನ್ಯಾಯವೂ ಅಲ್ಲ. ಅದರ ಗುಣಾವಗುಣಗಳನ್ನು ತೂಗಬೇಕಾದರೆ ಮೊದಲು ಆ ಹಡಗು ಎಂಥದೆಂಬುದನ್ನು ತಿಳಿಯಬೇಕು. ಏಕೆಂದರೆ ಈ ಕಥೆಯಲ್ಲಿ ಹಡಗು ಬರಿಯ ರಂಗಸ್ಥಳವಲ್ಲ. ಮನುಷ್ಯರ ತೀರ್ಮಾನಗಳನ್ನು ಒಳಗಿನಿಂದ ನಿರ್ಧರಿಸುವ ವಸ್ತು.

ಮಿಡ್ಲ್ಸ್‌ಬರೊ ಪಟ್ಟಣದ ಸ್ಮಿತ್ಸ್ ಡಾಕ್ ಎಂಬ ಸಂಸ್ಥೆಯವರು ೧೯೩೬ರಲ್ಲಿ 'ಸದರ್ನ್ ಪ್ರೈಡ್' ಎಂಬ ತಿಮಿಂಗಿಲ ಬೇಟೆಯ ಹಡಗನ್ನು ಕಟ್ಟಿದ್ದರು. ಯುದ್ಧ ಸಮೀಪಿಸಿದಾಗ ಅದೇ ಸಂಸ್ಥೆಯ ವಿಲಿಯಂ ರೀಡನು ಆ ನಕ್ಷೆಯನ್ನೇ ಸ್ವಲ್ಪ ಬೆಳಸಿ ಯುದ್ಧದ ಹಡಗಿನ ನಕ್ಷೆಯನ್ನು ಮಾಡಿಕೊಟ್ಟನು. ಉದ್ದ ಸುಮಾರು ೨೦೫ ಅಡಿ, ಅಗಲ ೩೩ ಅಡಿ, ತೂಕ ೯೨೫ ಟನ್ನು, ಮುಂಗಡೆ ನಾಲ್ಕಂಗುಲದ ಒಂದೇ ತೋಪು, ಒಂದೇ ತಿರುಪು. ಯಂತ್ರವೋ ಹಳೆಯ ಕಾಲದ ಉಗಿಯಂತ್ರ. ಅದರಲ್ಲೊಂದು ಲಾಭವಿತ್ತು: ವ್ಯಾಪಾರದ ಹಡಗುಗಳಿಂದ ಬಂದ ಯಂತ್ರಕಾರರಿಗೆ ಅದನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ, ದೊಡ್ಡ ಯುದ್ಧನೌಕೆಯನ್ನು ಎಂದೂ ಕಟ್ಟದ ಸಣ್ಣ ಕಾರ್ಖಾನೆಗಳೂ ಇದನ್ನು ಕಟ್ಟಬಲ್ಲವಾಗಿದ್ದುವು. ಹೀಗಾಗಿ ಇಂಗ್ಲೆಂಡು, ಕೆನಡಾಗಳಲ್ಲಿ ಸೇರಿ ೨೬೦ಕ್ಕೂ ಹೆಚ್ಚು ಹಡಗುಗಳು ಹೊರಬಂದುವು. ಕಾರ್ವೆಟ್ ಎಂಬ ಹಳೆಯ ಹೆಸರನ್ನು ಇವಕ್ಕೆ ಮತ್ತೆ ತಂದವನು ಚರ್ಚಿಲನು. ದಡದ ಹತ್ತಿರ ಕಾವಲಿಗೆಂದು ಯೋಚಿಸಿದ ಈ ಹಡಗುಗಳನ್ನು ಅವಸರದಲ್ಲಿ ಅಟ್ಲಾಂಟಿಕ್ ಸಾಗರದ ನಡುವಿಗೆ ಅಟ್ಟಿದರು. ಇವುಗಳ ವೇಗ ೧೬ ನಾಟ್. ನೀರಿನ ಮೇಲೆ ಓಡುವ ಜರ್ಮನ್ ಸಬ್‌ಮೆರೀನಿನ ವೇಗ ಅದಕ್ಕಿಂತ ತುಸು ಹೆಚ್ಚೇ. ಬೇಟೆಯ ನಾಯಿಗಿಂತ ತೋಳವೇ ಬಿರುಸಾಗಿ ಓಡುವಂತಿದ್ದರೆ ಬೇಟೆಯ ಗತಿಯೇನು?

ಈ ಹಡಗು ಮುಳುಗುತ್ತಿರಲಿಲ್ಲ, ಆದರೆ ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಹಸಿ ಹುಲ್ಲಿನ ಮೇಲೆ ಇಟ್ಟರೂ ಹೊರಳಾಡೀತು ಎಂಬುದು ನಾವಿಕರ ಮಾತು. ಮೊದಲ ಹಡಗುಗಳಲ್ಲಿ ಅಡಿಗೆಮನೆ ಹಿಂದೆ, ಊಟದ ಸ್ಥಳ ಮುಂದೆ. ನಡುವೆ ತೆರೆದ ಅಟ್ಟ. ಬಿಸಿಯಾಗಿ ಹೊರಟ ಊಟ ಅಲೆಗಳ ನಡುವೆ ದಾಟಿ ಬರುವಷ್ಟರಲ್ಲಿ ಉಪ್ಪುನೀರಿನಲ್ಲಿ ತೊಯ್ದು ತಣ್ಣಗಾಗುತ್ತಿತ್ತು. ರೊಟ್ಟಿ ಕೆಲವು ದಿನಗಳಲ್ಲಿ ಬೂಸಲುಹಿಡಿದ ಮೇಲೆ ಗಟ್ಟಿ ಬಿಸ್ಕತ್ತು, ಡಬ್ಬಿಯ ಮಾಂಸ. ಎಂಬತ್ತೈದು ಮಂದಿಗೆಂದು ಮಾಡಿದ ಇಕ್ಕಟ್ಟಿನ ಸ್ಥಳದಲ್ಲಿ ಆಮೇಲೆ ಅದಕ್ಕೂ ಹೆಚ್ಚು ಮಂದಿ ತುಂಬಿಕೊಂಡರು. ತೂಗುಹಾಸಿಗೆಗಳ ಕೆಳಗೆ ನೀರು ಅತ್ತಿಂದಿತ್ತ ಹರಿಯುತ್ತಿತ್ತು. ಒದ್ದೆಯಾದ ಬಟ್ಟೆ ಯಾತ್ರೆ ಮುಗಿಯುವ ತನಕ ಒಣಗುತ್ತಿರಲಿಲ್ಲ. ಮುಂದಿನ ಅಟ್ಟವನ್ನು ಹಿಂದಕ್ಕೆ ಬೆಳಸಿ ಈ ಕಷ್ಟವನ್ನು ಕಡಮೆಮಾಡಿದ್ದು ತಡವಾಗಿ. ಇದನ್ನು ಅನುಭವಿಸಿದವರಲ್ಲಿ ವೃತ್ತಿಯಿಂದ ನಾವಿಕರಾದವರು ಕೆಲವರೇ. ಉಳಿದವರು ಬ್ಯಾಂಕಿನ ಗುಮಾಸ್ತರು, ಪತ್ರಿಕೆಯವರು, ವಕೀಲರು, ಅಂಗಡಿಯ ಹುಡುಗರು.

ಮಾನ್ಸರಾಟನು ಅಂಥವರಲ್ಲೊಬ್ಬನು. ೧೯೧೦ರಲ್ಲಿ ಲಿವರ್‌ಪೂಲಿನ ವೈದ್ಯರೊಬ್ಬರ ಮಗನಾಗಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ನ್ಯಾಯಶಾಸ್ತ್ರವನ್ನೋದಿ, ಅದನ್ನು ಬಿಟ್ಟು ಬರೆವಣಿಗೆಗೆ ಇಳಿದವನು, ಯುದ್ಧವನ್ನೇ ಒಪ್ಪದಿದ್ದವನು. ಯುದ್ಧ ಬಂದಾಗ ಮೊದಲು ಗಾಯಾಳುಗಳನ್ನು ಸಾಗಿಸುವ ದಳವನ್ನು ಸೇರಿ, ೧೯೪೦ರಲ್ಲಿ ಸ್ವಯಂಸೇವಕನಾಗಿ ನೌಕಾಸೇನೆಗೆ ಬಂದು, ಕಂಪಾನುಲ ಎಂಬ ಹೂವಿನ ಹಡಗಿನಲ್ಲಿ ಅಧಿಕಾರಿಯಾದನು. ಆಗಿಂದಾಗಲೇ ಬರೆದ ಟಿಪ್ಪಣಿಗಳು ೧೯೪೨ರಲ್ಲಿ 'ಎಚ್. ಎಂ. ಕಾರ್ವೆಟ್' ಎಂಬ ಸಣ್ಣ ಪುಸ್ತಕವಾದುವು. ಅದೂ ಮುಂದಿನ ಎರಡು ಪುಸ್ತಕಗಳೂ ಸೇರಿ ೧೯೪೫ರಲ್ಲಿ 'ತ್ರೀ ಕಾರ್ವೆಟ್ಸ್' ಎಂದಾಯಿತು. ಇದರಲ್ಲಿ ಕಥೆಯಿಲ್ಲ, ನಾಯಕನಿಲ್ಲ. ನಿದ್ದೆಗೆಟ್ಟವನೊಬ್ಬನು ಕಾವಲು ಮುಗಿಸಿ ಬಂದು ಬರೆದಿಟ್ಟಂತೆ, ವಾಕ್ಯಗಳು ಅಲ್ಲಲ್ಲಿ ತುಂಡಾಗಿವೆ. ಆದರೆ ನೀರಿನಿಂದ ಎತ್ತಿದವರನ್ನು ಅಟ್ಟದ ಮೇಲೆ ಮಲಗಿಸಿ, ಎಣ್ಣೆ ಮೆತ್ತಿದ ಮೈಯನ್ನು ಒರಸುವುದು ಮೊದಲಾದ ಕೆಲಸಗಳ ವಿವರಣೆಯಲ್ಲಿ ಒಂದು ಮಾತೂ ಹೆಚ್ಚಿಲ್ಲ. ಹತ್ತು ವರ್ಷ ಕಳೆದ ಮೇಲೆ ಬರೆದ ಕಾದಂಬರಿಯಲ್ಲಿ ಬರುವ ಅಲಂಕಾರ ಇಲ್ಲಿ ಇನ್ನೂ ಹುಟ್ಟಿಲ್ಲ. ಕಾದಂಬರಿಯನ್ನು ಮೆಚ್ಚಿದವರು ಇದನ್ನು ಓದದೆ ಬಿಡುವುದು ನಷ್ಟ.

ಕಾದಂಬರಿ ೧೯೩೯ರಿಂದ ೧೯೪೫ರವರೆಗೆ ವರ್ಷಕ್ಕೊಂದರಂತೆ ಏಳು ಭಾಗಗಳಾಗಿದೆ. ಎರಿಕ್ಸನ್ ಎಂಬ ನಡುವಯಸ್ಸಿನ ಕಪ್ತಾನ. ಅವನ ಕೆಳಗೆ ಪತ್ರಿಕೆಗಳಲ್ಲಿ ಬರೆಯುತ್ತಿದ್ದ ಲಾಕ್‌ಹಾರ್ಟ್, ಬ್ಯಾಂಕಿನಲ್ಲಿದ್ದ ಫೆರಾಬಿ, ವಕೀಲನಾದ ಮೊರೆಲ್. ಅವರ ಹಡಗು ಕಾಂಪಸ್ ರೋಸ್. ಗ್ರಂಥಕರ್ತನ ಜಾಣತನ ಈ ಹೆಸರಿನಲ್ಲಿಯೇ ಕಾಣುತ್ತದೆ. ಹೂವಿನ ಹಡಗುಗಳ ಸಾಲಿನಲ್ಲಿ ಅದು ಸಹಜವಾಗಿ ನಿಲ್ಲುತ್ತದೆ. ಆದರೆ ಈ ಗುಲಾಬಿ ಯಾವ ತೋಟದಲ್ಲಿಯೂ ಅರಳುವುದಲ್ಲ, ದಿಕ್ಸೂಚಿಯ ಮುಖದ ಮೇಲೆ ಮೂವತ್ತೆರಡು ದಿಕ್ಕುಗಳಿಗೆ ಎಸಳು ಚಾಚಿದ ಚಿತ್ರ. ದಾರಿ ತೋರಬೇಕಾದ ಹೂವು. ಅದನ್ನು ಹೊತ್ತ ಹಡಗಿನಲ್ಲಿ ಮನುಷ್ಯರು ದಾರಿ ಕಾಣದ ತೀರ್ಮಾನಗಳ ಮುಂದೆ ನಿಲ್ಲುತ್ತಾರೆ. ಇಷ್ಟನ್ನು ಹೆಸರಿನಲ್ಲಿ ಅಡಗಿಸಿಟ್ಟು, ಅದರ ಮೇಲೆ ವ್ಯಾಖ್ಯಾನ ಬರೆಯದೆ ಬಿಟ್ಟದ್ದು ಅವನ ಸಂಯಮ. ಬೇರೆ ಕಡೆಗಳಲ್ಲಿಯೂ ಇಷ್ಟು ಸಂಯಮವಿದ್ದಿದ್ದರೆ ಗ್ರಂಥ ಇನ್ನೂ ದೊಡ್ಡದಾಗುತ್ತಿತ್ತು.

ಕಾದಂಬರಿಯ ಜೀವಸ್ಥಾನ ಮೂರನೆಯ ಭಾಗದಲ್ಲಿದೆ. ಹಡಗೊಂದು ಮುಳುಗಿ ಅದರ ಜನ ನೀರಿನಲ್ಲಿ ಈಜುತ್ತಿದ್ದಾರೆ. ಕಾಂಪಸ್ ರೋಸ್ ಅವರನ್ನು ಎತ್ತಿಕೊಳ್ಳಲು ಬರುತ್ತದೆ. ಆಗ ಆಸ್ಡಿಕ್ ಯಂತ್ರದಲ್ಲಿ ಒಂದು ಪ್ರತಿಧ್ವನಿ ಕೇಳಿಸುತ್ತದೆ: ಸಬ್‌ಮೆರೀನು ಆ ಈಜುಗಾರರ ಅಡಿಯಲ್ಲೇ ಇರುವಂತಿದೆ. ನೀರಿನೊಳಗೆ ಶಬ್ದವನ್ನು ಕಳುಹಿಸಿ, ಅದು ಏನಕ್ಕಾದರೂ ತಾಗಿ ಹಿಂದಿರುಗುವ ಸದ್ದಿನಿಂದ ದೂರವನ್ನೂ ದಿಕ್ಕನ್ನೂ ಅಳೆಯುವ ಯಂತ್ರವದು. ತೀರ ಹತ್ತಿರ ಬಂದ ಮೇಲೆ ಸದ್ದು ಸಿಕ್ಕುವುದಿಲ್ಲ. ಆದುದರಿಂದ ಹಡಗು ನಿಂತು ಯೋಚಿಸುವಂತಿಲ್ಲ. ವೇಗವಾಗಿ ಅದೇ ಸ್ಥಳದ ಮೇಲೆ ಓಡಿ, ಸುಮಾರು ೩೦೦ ಪೌಂಡು ಸಿಡಿಮದ್ದು ತುಂಬಿದ ಪೀಪಾಯಿಗಳನ್ನು ಹಿಂದಿನಿಂದ ಉರುಳಿಸಬೇಕು; ಗೊತ್ತುಮಾಡಿದ ಆಳದಲ್ಲಿ ನೀರಿನ ಒತ್ತಡದಿಂದ ಅವು ಸಿಡಿಯುತ್ತವೆ. ನಿಧಾನವಾಗಿ ಹೋದರೆ ಸಿಡಿತದ ಪೆಟ್ಟು ಸ್ವಂತ ಹಡಗಿಗೇ ತಗಲುವುದು. ಯಂತ್ರ ಹೀಗಿರುವುದರಿಂದ ಎರಿಕ್ಸನನಿಗೆ ಇರುವ ಕಾಲ ಕೆಲವು ನಿಮಿಷ. ಅವನು ಹಡಗನ್ನು ಈಜುಗಾರರ ನಡುವೆ ಓಡಿಸಿ ಪೀಪಾಯಿಗಳನ್ನು ಬಿಡುತ್ತಾನೆ. ತಮ್ಮನ್ನು ಉಳಿಸಲು ಬಂದಿತೆಂದು ಕೈಬೀಸಿದವರು ಅದರಿಂದಲೇ ಸಾಯುತ್ತಾರೆ. ಸಬ್‌ಮೆರೀನಿನ ಒಂದು ಚೂರೂ ಮೇಲೆ ಬರುವುದಿಲ್ಲ. ಅದು ಅಲ್ಲಿತ್ತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ.

ಈ ಕೊನೆಯ ಸಂಗತಿಯೇ ಗ್ರಂಥಕರ್ತನ ನಿಜವಾದ ಧೈರ್ಯ. ಸಬ್‌ಮೆರೀನು ಸಿಕ್ಕಿದ್ದರೆ ಕಪ್ತಾನನು ಮಾಡಿದ್ದು ಸರಿಯೆಂದು ವಾಚಕನು ನಿಟ್ಟುಸಿರುಬಿಟ್ಟು ಮುಂದಿನ ಪುಟಕ್ಕೆ ಹೋಗುತ್ತಿದ್ದನು; ಇಲ್ಲವೆಂದು ಖಚಿತವಾಗಿದ್ದರೆ ತಪ್ಪೆಂದು ತೀರ್ಪುಕೊಟ್ಟು ಹೋಗುತ್ತಿದ್ದನು. ಎರಡೂ ದೊರೆಯದಂತೆ ಮಾಡಿದ್ದರಿಂದ ಎರಿಕ್ಸನನ ಹೊರೆ ವಾಚಕನ ಮೇಲೂ ಬೀಳುತ್ತದೆ. ಪ್ರತಿಧ್ವನಿಯನ್ನು ಸಬ್‌ಮೆರೀನೆಂದು ಗುರುತಿಸಿದವನು ಲಾಕ್‌ಹಾರ್ಟ್. ತಪ್ಪಿದ್ದರೆ ತನ್ನದೆಂದು ಅವನು ಹೇಳುವುದೂ, ಎರಿಕ್ಸನನು ಅದನ್ನು ಒಪ್ಪದಿರುವುದೂ ಗ್ರಂಥದ ಅತ್ಯುತ್ತಮ ಸಂಭಾಷಣೆಗಳಲ್ಲಿ ಸೇರಿದುವು. ಆಜ್ಞೆ ಕೊಟ್ಟವನು ಹೊಣೆಯನ್ನು ಹಂಚಿಕೊಳ್ಳಲಾರನು. ಧರ್ಮಸಂಕಟವೆಂಬ ಮಾತನ್ನು ಸಣ್ಣ ಪುಟ್ಟ ತೊಂದರೆಗಳಿಗೂ ಬಳಸಿ ಸವೆಯಿಸಿದ್ದಾಗಿದೆ. ಅದರ ಪೂರ್ಣವಾದ ಅರ್ಥ ಈ ಪುಟಗಳಲ್ಲಿ ಕಾಣಸಿಗುವುದು.

ಆದರೆ ಒಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಆ ನೀರಿನಲ್ಲಿ ಸತ್ತವರು ಯಾರು? ಕಾದಂಬರಿಯಲ್ಲಿ ಅವರಿಗೆ ಹೆಸರಿಲ್ಲ. ಅವರು ಎರಿಕ್ಸನನ ದುಃಖಕ್ಕೆ ಕಾರಣರಾಗುವುದಕ್ಕೆ ಮಾತ್ರ ಬರುತ್ತಾರೆ. ಆಂಗ್ಲರ ವ್ಯಾಪಾರದ ಹಡಗುಗಳಲ್ಲಿ ಆ ಕಾಲದಲ್ಲಿ ಭಾರತದ ಖಲಾಸಿಗಳು ಸಾವಿರಗಟ್ಟಲೆ ಕೆಲಸಮಾಡುತ್ತಿದ್ದರು. ಒಲೆಯ ಮುಂದೆ ಕಲ್ಲಿದ್ದಲು ಹಾಕುವ ಕೆಲಸ ಬಹಳ ಮಟ್ಟಿಗೆ ಅವರದು. ಸಿಡಿಗುಂಡು ತಗಲಿದಾಗ ಯಂತ್ರದ ಕೋಣೆಯಲ್ಲಿದ್ದವರಿಗೆ ಮೇಲೆ ಬರುವ ಹೊತ್ತೇ ಸಿಕ್ಕುತ್ತಿರಲಿಲ್ಲ. ಅಟ್ಲಾಂಟಿಕಿನಲ್ಲಿ ನಿಜವಾಗಿ ಈಜಿದವರಲ್ಲಿ, ನಿಜವಾಗಿ ಮುಳುಗಿದವರಲ್ಲಿ ಅವರೂ ಇದ್ದರು. ಕಾವಲುಹಡಗಿನ ಅಟ್ಟದ ಮೇಲಿನಿಂದ ನೋಡುವ ಕಾದಂಬರಿಕಾರನಿಗೆ ನೀರಿನಲ್ಲಿ ಕಾಣುವುದು ತಲೆಗಳು ಮಾತ್ರ. ಇದು ಅವನೊಬ್ಬನ ದೋಷವಲ್ಲದಿರಬಹುದು. ಆದರೂ ಅವನ ದೃಷ್ಟಿಯ ಎಲ್ಲೆ ಎಲ್ಲಿಯೆಂಬುದನ್ನು ಇದು ತೋರಿಸುತ್ತದೆ. ಅದೇ ಎಲ್ಲೆ ಹಡಗಿನ ಒಳಗೂ ಉಂಟು. ಅಧಿಕಾರಿಗಳ ಮನಸ್ಸು ವಿವರವಾಗಿ ತೆರೆದಿದೆ; ಕೆಳ ಅಟ್ಟದ ಎಂಬತ್ತು ಮಂದಿ ಹೆಚ್ಚಾಗಿ ಹಾಸ್ಯದ ಮಾತು, ಬೈಗುಳ, ಗುಂಪಿನ ಗದ್ದಲ. ಟ್ಯಾಲೋ ಮತ್ತು ವಾಟ್ಸ್ ಎಂಬ ಇಬ್ಬರು ಹಿರಿಯ ನಾವಿಕರು ಮಾತ್ರ ಇದಕ್ಕೆ ಅಪವಾದ. ಟ್ಯಾಲೋವಿನ ವಿಧವೆ ತಂಗಿಯನ್ನು ಮದುವೆಯಾಗಬೇಕೆಂದು ವಾಟ್ಸನು ಮೆಲ್ಲನೆ ಆಸೆ ಬೆಳಸಿಕೊಳ್ಳುವುದು, ೧೯೪೧ರ ವಿಮಾನದಾಳಿಯಲ್ಲಿ ಅವಳ ಮನೆ ನೆಲಸಮವಾಗುವುದು, ಇವು ಬಹಳ ಕಡಮೆ ಮಾತಿನಲ್ಲಿ ಬಂದಿವೆ. ಕಡಲಿನಲ್ಲಿದ್ದವರು ಬದುಕಿ, ಊರಿನಲ್ಲಿದ್ದವಳು ಸತ್ತಳು. ಇಲ್ಲಿ ಗ್ರಂಥಕರ್ತನಿಗೆ ವ್ಯಾಖ್ಯಾನ ಬೇಕಾಗಲಿಲ್ಲ.

ಹೆಂಗಸರ ಪಾತ್ರಗಳು ಈ ಗ್ರಂಥದ ದುರ್ಬಲವಾದ ಭಾಗ. ಮೊರೆಲನ ಹೆಂಡತಿ ನಟಿ, ಸುಂದರಿ, ಆದುದರಿಂದ ವಂಚಕಿ. ಲಾಕ್‌ಹಾರ್ಟನ ಪ್ರೇಯಸಿ ಜೂಲಿ ಪರಿಪೂರ್ಣೆ, ಆದುದರಿಂದ ಸಾಯಲೇಬೇಕು. ಈ ಎರಡು ಅಚ್ಚುಗಳ ಹೊರಗೆ ಹೆಣ್ಣು ಇರಬಹುದೆಂಬ ಯೋಚನೆ ಅವನಿಗೆ ಬಂದಂತಿಲ್ಲ. ಆದರೂ ನಿಜವಾದ ಸಮುದ್ರ ಅವನಿಗೆ ಬೇರೆ ಪಾಠವನ್ನು ಕಲಿಸಿತ್ತು. ೧೯೪೧ರ ಆಗಸ್ಟಿನಲ್ಲಿ ಓ. ಜಿ. ೭೧ ಎಂಬ ಹಡಗುತಂಡವನ್ನು ಕಾಯಲು ಕಂಪಾನುಲ ಹೋಗಿತ್ತು. ಆ ತಂಡದ ಅಗಿಲ ಎಂಬ ಹಡಗಿನಲ್ಲಿ ನೌಕಾಸೇನೆಯ ಮಹಿಳಾದಳದ ೨೧ ಮಂದಿ ಜಿಬ್ರಾಲ್ಟರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಆಗಸ್ಟ್ ೧೯ರಂದು ಹಡಗು ಮುಳುಗಿ ಅವರಲ್ಲಿ ಒಬ್ಬರೂ ಉಳಿಯಲಿಲ್ಲ. ನಾಲ್ಕು ದಿನಗಳ ಮೇಲೆ ಅದೇ ತಂಡದ ಕಾವಲಿನಲ್ಲಿದ್ದ ಜಿನಿಯ ಎಂಬ ಹೂವಿನ ಹಡಗೂ ಹೋಯಿತು. ಈ ಯಾತ್ರೆಯ ನೆನಪು ಕಾದಂಬರಿಯಲ್ಲಿ ಹೆಸರು ಬದಲಾಯಿಸಿಕೊಂಡು ಬಂದಿದೆ. ಅಲ್ಲಿ ಬರುವ ಹುಡುಗಿಯರು ಕಥೆಯ ಸುಂದರಿಯರಲ್ಲ, ಕೆಲಸಕ್ಕೆ ಹೊರಟವರು. ಆದುದರಿಂದಲೇ ಅವರ ಸಾವು ಜೂಲಿಯ ಸಾವಿಗಿಂತ ಹೆಚ್ಚು ನೋಯಿಸುತ್ತದೆ.

ಕಾಂಪಸ್ ರೋಸ್ ೧೯೪೨ರ ಭಾಗದಲ್ಲಿ ಮುಳುಗುವುದು. ಎರಡು ತೆಪ್ಪಗಳ ಸುತ್ತ ಸೇರಿದವರು ಇರುಳೆಲ್ಲ ಚಳಿಯಲ್ಲಿ ಒಬ್ಬೊಬ್ಬರಾಗಿ ಸಾಯುವುದನ್ನು ಅವನು ಹೇಳುವ ಕ್ರಮ ಗಮನಾರ್ಹವಾದುದು. ಒಬ್ಬನು ಧೈರ್ಯದಿಂದ ಸತ್ತ, ಒಬ್ಬನು ಅಂಜಿ ಸತ್ತ, ಒಬ್ಬನು ಯಾವುದೂ ಇಲ್ಲದೆ ಸುಮ್ಮನೆ ಸತ್ತ. ಧೈರ್ಯಕ್ಕೆ ಬದುಕೆಂಬ ಬಹುಮಾನವಿಲ್ಲ, ಅಂಜಿಕೆಗೆ ಸಾವೆಂಬ ಶಿಕ್ಷೆಯಿಲ್ಲ. ವೀರರಸವನ್ನು ನಿರೀಕ್ಷಿಸಿ ಬಂದವನಿಗೆ ಇಲ್ಲಿ ದೊರಕುವುದು ಬೇರೆ. ಬೆಳಗಾಗುವಾಗ ಉಳಿದವರು ಕೆಲವರೇ. ಫೆರಾಬಿ ಬದುಕಿದರೂ ಅವನ ಮನಸ್ಸು ಉಳಿಯುವುದಿಲ್ಲ. ಈ ರಾತ್ರಿಯೊಂದಿಗೆ ಗ್ರಂಥ ಮುಗಿದಿದ್ದರೆ ಚೆನ್ನಾಗಿತ್ತೆಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವುಂಟು. ಎರಿಕ್ಸನನೂ ಲಾಕ್‌ಹಾರ್ಟನೂ ಸಾಲ್ಟಾಷ್ ಎಂಬ ದೊಡ್ಡ ಹಡಗಿಗೆ ಹೋದ ಮೇಲಿನ ಭಾಗ ನಿಪುಣವಾಗಿದೆ, ತಣ್ಣಗಿದೆ. ಅವರು ಒಳಗೊಳಗೆ ಒಣಗಿಹೋದರೆಂಬುದನ್ನು ತೋರಿಸಲೆಂದೇ ಹೀಗೆ ಬರೆದನೆಂದು ಸಮರ್ಥಿಸಬಹುದು. ಆದರೆ ಒಣಗಿದವರ ಕಥೆಯೂ ಒಣಗಿರಬೇಕೆಂಬ ನಿಯಮವಿಲ್ಲ.

ಶತ್ರುವಿನ ಚಿತ್ರಣದಲ್ಲಿ ಮಾನ್ಸರಾಟನು ಸೋತಿದ್ದಾನೆ. ಕಾಂಪಸ್ ರೋಸ್ ಹಿಡಿದ ಜರ್ಮನ್ ಕಪ್ತಾನನು ಗರ್ವಿ, ನಾಟಕದ ಖಳ. ಆ ಸರಕಾರದ ಪಾಪಗಳು ತಿಳಿದಿರುವಾಗ ಗ್ರಂಥಕರ್ತನ ಕೋಪವನ್ನು ತಪ್ಪೆನ್ನುವಂತಿಲ್ಲ. ಆದರೆ ಕೋಪದಿಂದ ಪಾತ್ರ ಹುಟ್ಟುವುದಿಲ್ಲ. ವರ್ಬೀನ ಎಂಬ ಹೂವಿನ ಹಡಗಿನ ಕಪ್ತಾನನಾಗಿದ್ದ ಡೆನಿಸ್ ರೇನರನೂ ಇದೇ ಯುದ್ಧವನ್ನು ಮಾಡಿದವನು. ಅವನು ೧೯೫೬ರಲ್ಲಿ ಬರೆದ 'ದಿ ಎನಿಮಿ ಬಿಲೋ' ಎಂಬ ಕಾದಂಬರಿ ಭಾಷೆಯಲ್ಲಿ ಮಾನ್ಸರಾಟನದಕ್ಕಿಂತ ಸಾಧಾರಣ. ಆದರೆ ಅದರಲ್ಲಿ ನೀರಿನ ಮೇಲಿರುವವನೂ ಕೆಳಗಿರುವವನೂ ಇಬ್ಬರೂ ಯೋಚಿಸುವ ಮನುಷ್ಯರು. ರನ್ನನು ಗದಾಯುದ್ಧದಲ್ಲಿ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸಿ, ಗುರುವನ್ನೂ ತಮ್ಮನನ್ನೂ ಗೆಳೆಯನನ್ನೂ ಕಂಡು ಅಳುವಂತೆ ಮಾಡಿದನು. ಭೀಮನ ಕಡೆಯ ಕವಿಯಾಗಿದ್ದೂ ಹಾಗೆ ಮಾಡಿದನು. ಅದರಿಂದ ಭೀಮನ ಗೆಲವು ಕುಗ್ಗಲಿಲ್ಲ.

ಕಾದಂಬರಿಯನ್ನು ಬದಿಗಿಟ್ಟು ನಿಜವಾದ ಹಡಗುಗಳ ಪಟ್ಟಿಗೆ ಮರಳಿದರೆ, ಅಲ್ಲಿಯ ಬರಿಯ ಸಂಗತಿಗಳೇ ಸಾಕೆನಿಸುತ್ತವೆ. ಈ ಜಾತಿಯಲ್ಲಿ ಮೊದಲು ಬಂದ ಗ್ಲಾಡಿಯೋಲಸ್ ೧೯೪೧ರ ಅಕ್ಟೋಬರಿನಲ್ಲಿ ಒಬ್ಬನನ್ನೂ ಉಳಿಸದೆ ಕಾಣೆಯಾಯಿತು. ಮಾರಿಗೋಲ್ಡ್ ೧೯೪೧ರಲ್ಲಿ ಒಂದು ಸಬ್‌ಮೆರೀನನ್ನು ಮುಳುಗಿಸಿ, ೧೯೪೨ರ ಡಿಸೆಂಬರಿನಲ್ಲಿ ತಾನೂ ಮುಳುಗಿತು. ಬ್ಲೂಬೆಲ್ ಯುದ್ಧ ಮುಗಿಯಲು ಮೂರು ತಿಂಗಳಿರುವಾಗ, ೧೯೪೫ರ ಫೆಬ್ರವರಿಯಲ್ಲಿ, ರಷ್ಯದ ಉತ್ತರತೀರದಲ್ಲಿ ಸಿಡಿದುಹೋಯಿತು, ಉಳಿದವನು ಒಬ್ಬನೇ. ಕೆನಡಾದವರು ತಮ್ಮ ಕಾರ್ವೆಟ್ಟುಗಳಿಗೆ ಸಣ್ಣ ಊರುಗಳ ಹೆಸರಿಟ್ಟರು. ಆಂಗ್ಲರಿಗಾಗಿ ಮೊದಲು ಕಟ್ಟಿದ ಹತ್ತು ಹಡಗುಗಳಲ್ಲಿ ಮಾತ್ರ ಹೂಗಿಡಗಳ ಹೆಸರು ಉಳಿಯಿತು. ಅವುಗಳಲ್ಲೊಂದು ಸ್ಪೈಕ್‌ನಾರ್ಡ್. ಆಯುರ್ವೇದವನ್ನು ಬಲ್ಲವರಿಗೆ ಆ ಹೆಸರಿನ ಬೇರು ಜಟಾಮಾಂಸಿಯೆಂದು ಪರಿಚಿತ. ೧೯೪೨ರ ಫೆಬ್ರವರಿಯಲ್ಲಿ ಗದ್ದಲದ ಒಂದು ರಾತ್ರಿ ಅದು ಮುಳುಗಿತು. ಅದು ಇಲ್ಲವೆಂಬುದು ಜೊತೆಯ ಹಡಗುಗಳಿಗೆ ತಿಳಿದದ್ದು ಬೆಳಗಾದ ಮೇಲೆ. ಬದುಕಿದವರು ಎಂಟು ಮಂದಿ. ಮಾನ್ಸರಾಟನ ಕಲ್ಪನೆ ಇಷ್ಟು ಮೌನವಾದ ಅಂತ್ಯವನ್ನು ತಾನಾಗಿ ಕಂಡುಕೊಂಡಿರಲಾರದು.

ಭಾರತದ ನೌಕಾಸೇನೆಗೂ ಈ ಜಾತಿಯ ನಾಲ್ಕು ಹಡಗುಗಳು ಬಂದುವು. ಬಗ್ಲಾಸ್ ಅಸ್ಸಾಂ ಆಯಿತು, ಬರ್ನೆಟ್ ಗೊಂಡ್ವಾನ, ಬೆಟನಿ ಸಿಂಧ್, ಚಾರ್ಲಾಕ್ ಮಹ್ರಟ್ಟಾ. ಹೂವಿನ ಹೆಸರು ಹೋಗಿ ನಾಡಿನ ಹೆಸರು ಬಂದದ್ದು ಸೇನೆಯ ಗೌರವಕ್ಕೆ ತಕ್ಕದ್ದೇ ಇರಬಹುದು. ಆದರೆ ಕೇಳುವ ಕಿವಿಗೆ ಏನೋ ಒಂದು ಕಳೆದಂತಾಗುತ್ತದೆ. ನಾಡಿನ ಹೆಸರನ್ನು ಹೊತ್ತ ಹಡಗು ಎದೆಯುಬ್ಬಿಸಿ ನಿಲ್ಲಬೇಕಾಗುತ್ತದೆ. ಗುಮಾಸ್ತರೂ ಅಂಗಡಿಯ ಹುಡುಗರೂ ನಡೆಸಿದ, ಓಡಲಾರದ, ಹೊರಳಾಡುವ ಆ ಹಡಗಿಗೆ ಬಟರ್‌ಕಪ್ ಎಂಬ ಹೆಸರೇ ಒಪ್ಪುತ್ತಿತ್ತು. ಯುದ್ಧ ಮುಗಿದ ಮೇಲೆ ಇವುಗಳಲ್ಲಿ ಎರಡು, ಬರ್ನೆಟ್ ಮತ್ತು ಬೆಟನಿ, ಸಯಾಮಿನ ನೌಕಾಸೇನೆಗೆ ಹೋದುವು.

೧೯೫೩ರಲ್ಲಿ ಚಾರ್ಲ್ಸ್ ಫ್ರೆಂಡನು ನಿರ್ದೇಶಿಸಿದ ಚಲಚ್ಚಿತ್ರ ಕಾದಂಬರಿಯನ್ನು ಇನ್ನೂ ಹೆಚ್ಚು ಜನರಿಗೆ ತಲಪಿಸಿತು. ಎರಿಕ್ಸನನಾದ ಜಾಕ್ ಹಾಕಿನ್ಸನ ಮುಖ ಆ ಈಜುಗಾರರ ಪ್ರಸಂಗದಲ್ಲಿ ಹೇಳುವಷ್ಟನ್ನು ಪುಟಗಳು ಹೇಳಲಾರವೆಂದು ಕೆಲವರ ಮತ. ಪುಟಗಳಿಗೆ ಬೇರೊಂದು ಬಲವುಂಟು: ಓದುವವನು ಅಲ್ಲಿ ನಿಲ್ಲಬಹುದು, ಹಿಂದಕ್ಕೆ ಹೋಗಬಹುದು, ಆ ನಿಮಿಷಗಳನ್ನು ಎಣಿಸಬಹುದು. ಚಿತ್ರದಲ್ಲಿ ಕಾಂಪಸ್ ರೋಸ್ ಆಗಿ ಕಾಣಿಸಿಕೊಂಡದ್ದು ಕೊರಿಯಾಪ್ಸಿಸ್ ಎಂಬ ಹಡಗು. ಯುದ್ಧಕಾಲದಲ್ಲಿ ಗ್ರೀಕರ ಕೈಯಲ್ಲಿದ್ದು ಹಿಂದಿರುಗಿದ್ದ ಅದನ್ನು ಚಿತ್ರೀಕರಣದ ತರುವಾಯ ಒಡೆದುಹಾಕಿದರು. ಮಾನ್ಸರಾಟನು ೧೯೭೯ರಲ್ಲಿ ತೀರಿಕೊಂಡಾಗ ಅವನ ಇಚ್ಛೆಯಂತೆ ನೌಕಾಸೇನೆಯವರು ಅವನನ್ನು ಸಮುದ್ರಕ್ಕೆ ಒಪ್ಪಿಸಿದರು. ಈ ಜಾತಿಯ ಹಡಗುಗಳಲ್ಲಿ ಇಂದು ಉಳಿದಿರುವುದು ಸ್ಯಾಕ್‌ವಿಲ್ ಒಂದೇ, ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ. ಅದರ ಹೆಸರು ಹೂವಿನದಲ್ಲ, ಊರಿನದು.